ಚಿನ್ನದ ಹಲ್ಲಿಗೆ ಹರಳೆಣ್ಣೆಯ ಕುಂಕುಮ

ವಿಜಯದಶಮಿಯ ನಸುಕು. ಮೈಸೂರಿನ ಹೆಬ್ಬಾಳದ ಕಾರ್ಖಾನೆಗಳ ಬಾಗಿಲಿಗೆ ಹಿಂದಿನ ದಿನ ಕಟ್ಟಿದ ಬಾಳೆಕಂದುಗಳು ಬಾಡಿ ತಲೆ ಬಾಗಿಸಿವೆ. ಆಯುಧಪೂಜೆಯಲ್ಲಿ ಒಡೆದ ಬೂದುಗುಂಬಳದ ಹೋಳುಗಳು ಕುಂಕುಮ ಮೆತ್ತಿಕೊಂಡು ರಸ್ತೆಯುದ್ದಕ್ಕೂ ಚೆಲ್ಲಿವೆ. ಅವುಗಳ ಮೇಲೆ ಗಾಲಿ ಹತ್ತಿದರೆ ಜಾರುವುದು ಖಂಡಿತವೆಂದು ಬಲ್ಲ ಚಾಮುಂಡೇಶ್ವರಿ ಅವರು ತಮ್ಮ ಹಳೆಯ ಸ್ಕೂಟರನ್ನು ಬಳಸಿ ಬಳಸಿ ನಡೆಸುತ್ತಾರೆ. ಹ್ಯಾಂಡಲಿಗೆ ಸುತ್ತಿದ ಸೇವಂತಿಗೆ ಮಾಲೆಯಿಂದ ಎಸಳುಗಳು ಗಾಳಿಗೆ ಉದುರುತ್ತಿವೆ. ಮುಂದಿನ ಕೊಕ್ಕೆಗೆ ನೇತುಹಾಕಿದ ಕಪ್ಪು ಕೈಚೀಲದ ಮೇಲೆ ಮೂರೆಳೆಯ ವಿಭೂತಿ, ನಡುವೆ ಕುಂಕುಮದ ಬೊಟ್ಟು. ಚೀಲದೊಳಗೆ ಸ್ಕ್ರೂಡ್ರೈವರುಗಳು, ಮೆತ್ತನೆಯ ಕುಂಚ, ಪೆನ್ಸಿಲ್ ಗೀಟು ಅಳಿಸುವ ರಬ್ಬರು, ಒಂದು ಟಾರ್ಚು. ಜೊತೆಗೆ ಪಾರದರ್ಶಕ ಡಬ್ಬಿಯಲ್ಲಿ ಮಲಗಿರುವ ಬೆರಳುದ್ದದ ಹಸಿರು ಹಲಗೆ. ಕಂಪ್ಯೂಟರಿನ ಮೆಮೊರಿ ಎಂದರೆ ಆ ಹಲಗೆಯೇ.

‘ಕಂಪ್ಯೂಟರು ನಿಧಾನವಾಯಿತು, ಇನ್ನು ಹೊಸದು ಕೊಳ್ಳದೆ ವಿಧಿಯಿಲ್ಲ’ ಎಂದು ನಿಟ್ಟುಸಿರಿಡುವ ಮನೆಗಳಿಗೆ ಹೋಗಿ, ಇದ್ದ ಯಂತ್ರದ ಮುಚ್ಚಳ ತೆರೆದು, ಮೆಮೊರಿ ಹೆಚ್ಚಿಸಿ, ಇನ್ನು ನಾಲ್ಕಾರು ವರ್ಷ ಬಾಳುವಂತೆ ಮಾಡಿ ಬರುವುದು ಅವರ ಕಸುಬು. ಮೈಸೂರಿನ ಎಷ್ಟೋ ಬಡಾವಣೆಗಳಲ್ಲಿ ಅವರ ಪೂರ್ಣ ಹೆಸರು ಯಾರಿಗೂ ತಿಳಿಯದು. ‘ಮೆಮೊರಿ ಚಾಮುಂಡಮ್ಮ’ ಎಂದರೆ ಸಾಕು, ಗೇಟು ತೆರೆಯುತ್ತದೆ. ಅಂಗಡಿಯಿಲ್ಲ, ಬೋರ್ಡಿಲ್ಲ, ಜಾಹೀರಾತಿಲ್ಲ. ಒಂದು ಮನೆಯವರು ಇನ್ನೊಂದು ಮನೆಗೆ ಹೇಳುವ ಮಾತೇ ಅವರ ಬಂಡವಾಳ.

ದಟ್ಟಗಳ್ಳಿಯ ಆ ಮನೆಯ ಗೇಟಿನಲ್ಲಿ ಸ್ಕೂಟರು ನಿಲ್ಲುವಾಗ ಹೂಗಿಡಕ್ಕೆ ನೀರು ಹಾಕುತ್ತಿದ್ದ ಮಾಧವ ಅವರು ಕೊಳವೆಯನ್ನು ಪಕ್ಕಕ್ಕೆ ಹಿಡಿದು ಒಳಕ್ಕೆ ಕೂಗುತ್ತಾರೆ.

“ಚೂಡಾ, ಬಂದು ನೋಡೇ. ಇವತ್ತು ಚಾಮುಂಡೇಶ್ವರಿ ಆನೆ ಮೇಲೆ ಅಂಬಾರೀಲಿ ಹೋಗೋ ದಿನ. ನಮ್ಮನೆಗೆ ಮಾತ್ರ ಸ್ಕೂಟರಲ್ಲೇ ದಯಮಾಡಿಸಿದಾಳೆ!”

“ಆನೆ ರೆಡಿಯಾಗೋದು ಮಧ್ಯಾಹ್ನ ಸಾರ್. ಅಲ್ಲೀಗಂಟ ಕಾಯೋಕಾಗುತ್ತಾ? ಅಮ್ಮಾವ್ರ ಪಾಠ ಎಂಟಕ್ಕಲ್ವಾ?” ಎನ್ನುತ್ತ ಚಾಮುಂಡೇಶ್ವರಿ ಚಪ್ಪಲಿ ಕಳಚುತ್ತಾರೆ.

ಆ ಎಂಟು ಗಂಟೆಯ ಪಾಠದ ಹಿಂದೆ ಒಂದು ವರ್ಷದ ಕಾಯುವಿಕೆ ಇದೆ. ಮಾಧವ ಅವರ ಪತ್ನಿ ಚೂಡಾಮಣಿ ವೀಣೆಯ ಅಧ್ಯಾಪಕಿ. ಅತ್ತೆಯ ಮನೆಯಲ್ಲಿ ಅರಮನೆಯ ಕಾಲದಿಂದ ಬಂದ ವೀಣೆಯೊಂದಿದ್ದು, ಅದರಲ್ಲೇ ನೂರಾರು ಮಕ್ಕಳ ಬೆರಳು ತಿದ್ದಿದವರು. ಮೊಣಕಾಲು ನೋವು ಹೆಚ್ಚಿ ಹೊರಗೆ ಹೋಗಲಾಗದಂತಾದ ಮೇಲೆ ಅವರು ಕಂಪ್ಯೂಟರಿನ ಮುಂದೆ ಕುಳಿತು ದೂರದೂರಿನ ಶಿಷ್ಯರಿಗೆ ಕಲಿಸತೊಡಗಿದರು. ಫೋನಿನ ಅಂಗೈಯಗಲದ ಪರದೆ ಅವರ ಕಣ್ಣಿಗೂ ಸಾಲದು, ಪಾಠಕ್ಕೂ ಸಾಲದು. ಸ್ವರ ಹಿಡಿಯುವ ಎಡಗೈಗೆ ಒಂದು ಕ್ಯಾಮರಾ, ತಂತಿ ಮೀಟುವ ಬಲಗೈಗೆ ಇನ್ನೊಂದು. ಶಿಷ್ಯರ ಬೆರಳು ದೊಡ್ಡದಾಗಿ ಕಾಣುವ ಪರದೆ. ಇಷ್ಟು ಹೊರೆಯನ್ನು ಅವರ ಪುಟ್ಟ ಕಂಪ್ಯೂಟರು ತಾಳಲಾರದೆ ಪಾಠದ ನಡುವೆ ಸ್ತಬ್ಧವಾಗಿ ನಿಂತುಬಿಡುತ್ತಿತ್ತು.

ಕಳೆದ ವಿಜಯದಶಮಿಯಂದು ಹಾಗೆಯೇ ಆಯಿತು. ರಾಯಚೂರಿನ ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವ ರಂಜನಿ ಎಂಬ ನಡುವಯಸ್ಸಿನ ಮಹಿಳೆ ರಾತ್ರಿಪಾಳಿ ಮುಗಿಸಿ, ಮಿಂದು, ಹೊಸ ವೀಣೆಯ ಮುಂದೆ ಕುಳಿತಿದ್ದರು. ವಿದ್ಯಾರಂಭಕ್ಕೆ ಆ ದಿನವೇ ಪ್ರಶಸ್ತವೆಂಬುದು ಚೂಡಾಮಣಿಯವರ ಮನೆತನದ ನಂಬಿಕೆ. ಮೊದಲ ಷಡ್ಜಕ್ಕೆ ಬೆರಳಿಟ್ಟ ಕ್ಷಣದಲ್ಲಿ ಪರದೆ ನಿಂತಿತು. ಮತ್ತೆ ಮತ್ತೆ ಯತ್ನಿಸಿದರೂ ಏಳಲಿಲ್ಲ. ಮರುದಿನ ಶುರುಮಾಡೋಣವೆಂದು ಗುರುಗಳೇ ಹೇಳಿದರೂ ರಂಜನಿ ಒಪ್ಪಲಿಲ್ಲ. ‘ಮುಂದಿನ ದಶಮಿಗೇ ಆಗಲಿ ಅಮ್ಮಾ, ನಾನು ಕಾಯ್ತೀನಿ’ ಎಂದರು. ಅವರು ಕಾದಿದ್ದಾರೆ. ಈ ಬಾರಿಯೂ ಪರದೆ ನಿಂತರೆ ಇನ್ನು ದೂರದ ಶಿಷ್ಯರನ್ನು ಒಪ್ಪಿಕೊಳ್ಳುವುದೇ ಇಲ್ಲವೆಂದು ಚೂಡಾಮಣಿ ಮನಸ್ಸಿನಲ್ಲೇ ತೀರ್ಮಾನಿಸಿದ್ದಾರೆ.

“ನಿನ್ನೇನೇ ಮಾಡ್ಬುಡಬಹುದಿತ್ತು ಅಮ್ಮಾವ್ರೇ. ನೀವೇ ಮುಟ್ಟಬೇಡ ಅಂದ್ರಿ,” ಎಂದು ಚಾಮುಂಡೇಶ್ವರಿ ನಗುತ್ತಾರೆ.

“ಪೂಜೆಗಿಟ್ಟ ಮೇಲೆ ಮುಟ್ಟೋದುಂಟೇನಮ್ಮಾ?” ಎನ್ನುವ ಚೂಡಾಮಣಿ ಸರಸ್ವತಿಯ ಪಟದ ಕಡೆಗೆ ಕೈ ತೋರುತ್ತಾರೆ.

ಮೂಲಾ ನಕ್ಷತ್ರದ ದಿನ ಆ ಪಟದ ಮುಂದೆ ವೀಣೆ ಮಲಗಿತು, ಪುಸ್ತಕಗಳು ಮಲಗಿದವು, ಅವುಗಳ ಪಕ್ಕದಲ್ಲೇ ರೇಷ್ಮೆಯ ತುಂಡೊಂದನ್ನು ಹೊದ್ದು ಕಂಪ್ಯೂಟರೂ ಮಲಗಿತು. ವಿದ್ಯೆ ಕೊಡುವುದೆಲ್ಲ ಸರಸ್ವತಿಯೇ ಎಂಬ ಆ ಮನೆಯ ನ್ಯಾಯದಲ್ಲಿ ತಪ್ಪಿಲ್ಲ. ಆದರೆ ಇಂಥ ಪುಟ್ಟ ಪೆಟ್ಟಿಗೆಗೆ ದೊಡ್ಡ ಕಂಪ್ಯೂಟರಿನ ಉದ್ದನೆಯ ಮೆಮೊರಿ ಕೂರುವುದಿಲ್ಲ. ಲ್ಯಾಪ್‌ಟಾಪಿಗೆ ಹಾಕುವ ಗಿಡ್ಡ ಹಲಗೆಯೇ ಬೇಕು. ಅದು ತರಿಸಿ ಕೈಗೆ ಬಂದದ್ದು ಕಂಪ್ಯೂಟರು ಪೂಜೆಗೆ ಕುಳಿತ ದಿನದ ಸಂಜೆ. ದಶಮಿಯ ಬೆಳಗ್ಗೆ ಮರುಪೂಜೆ ಮಾಡಿ ದೇವರನ್ನು ಕದಲಿಸುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ. ಹಾಗಾಗಿ ಈ ಹೊತ್ತಿನ ಓಟ.

ಪೆಟ್ಟಿಗೆಯನ್ನು ಮೇಜಿನ ಮೇಲೆ ತಂದಿಡುತ್ತಾರೆ. ಊಟದ ಡಬ್ಬಿಗಿಂತ ಕೊಂಚ ಅಗಲ, ಅಷ್ಟೆ. ನೆತ್ತಿಯ ಮೇಲೆ ಗಂಧ, ಅರಿಶಿನ, ಕುಂಕುಮ, ನಾಲ್ಕು ಅಕ್ಷತೆ ಕಾಳು. ಗಾಳಿ ಆಡುವ ಸೀಳುಗಳ ಅಂಚಿನವರೆಗೂ ಭಕ್ತಿ ಹಬ್ಬಿದೆ. ಚಾಮುಂಡೇಶ್ವರಿ ಒಣಬಟ್ಟೆಯಿಂದ ಅದನ್ನೆಲ್ಲ ಜೋಪಾನವಾಗಿ ಒರೆಸಿ ತೆಗೆದು ಕಿಟಕಿಯ ಬಳಿ ಹೋಗಿ ಕಬ್ಬಿಣದ ಸರಳನ್ನು ಮುಟ್ಟಿ ಬರುತ್ತಾರೆ. ಮೈಯಲ್ಲಿ ಸೇರಿಕೊಂಡ ವಿದ್ಯುತ್ತಿನ ಸಣ್ಣ ಕಿಡಿಯೂ ಒಳಗಿನ ಭಾಗಗಳನ್ನು ಸುಟ್ಟುಬಿಡಬಲ್ಲದು. ಅದನ್ನು ಕಬ್ಬಿಣಕ್ಕೆ ಬಿಟ್ಟುಬರುವ ರೂಢಿ ಇದು. ಎಷ್ಟೋ ಮನೆಗಳವರು ಅದನ್ನು ನಮಸ್ಕಾರವೆಂದೇ ತಿಳಿದಿದ್ದಾರೆ.

ಮುಚ್ಚಳ ತೆರೆಯುವ ಮುನ್ನ ಮನೆಯವರನ್ನು ಹತ್ತಿರ ಕರೆದು ಕೂರಿಸಿಕೊಳ್ಳುವುದು ಅವರ ಇನ್ನೊಂದು ರೂಢಿ. ಮರೆಯಲ್ಲಿ ಯಂತ್ರ ಬಿಚ್ಚುವುದಿಲ್ಲ.

“ಮೆಮೊರಿ ಅಂದ್ರೆ ಅಡುಗೆಮನೆ ಕಟ್ಟೆ ಇದ್ದಂಗೆ ಅಮ್ಮಾವ್ರೇ. ಸಾಮಾನು ಇರೋದು ಉಗ್ರಾಣದಲ್ಲಿ. ಆದ್ರೆ ಹೆಚ್ಚೋದು, ರುಬ್ಬೋದು, ಬಡಿಸೋದು ಎಲ್ಲ ಕಟ್ಟೆ ಮೇಲೇ ತಾನೆ? ಕಟ್ಟೆ ಚಿಕ್ಕದಾದ್ರೆ ಒಂದ್ ಪಾತ್ರೆ ಇಳಿಸಿ ಇನ್ನೊಂದ್ ಏರಿಸ್ಬೇಕು. ಅದಕ್ಕೇ ತಡ. ನಾನು ಕಟ್ಟೆ ಉದ್ದ ಮಾಡ್ತೀನಿ, ಅಷ್ಟೇ. ಉಗ್ರಾಣ ಮುಟ್ಟೋದಿಲ್ಲ. ನಿಮ್ಮ ಪಾಠದ ರೆಕಾರ್ಡಿಂಗು ಒಂದೂ ಎಲ್ಲೂ ಹೋಗೋಲ್ಲ.”

“ಇಷ್ಟು ಚೆನ್ನಾಗಿ ನನ್ನ ವಿಮಾ ಕಚೇರೀಲಿ ಯಾರಾದ್ರೂ ಬಿಡಿಸಿ ಹೇಳಿದ್ರೆ ನಾನು ಇನ್ನೂ ನಾಲ್ಕು ಪಾಲಿಸಿ ಮಾರ್ತಿದ್ದೆ,” ಎನ್ನುತ್ತಾರೆ ಮಾಧವ.

ಈ ಬಿಡಿಸಿ ಹೇಳುವ ವಿದ್ಯೆ ಚಾಮುಂಡೇಶ್ವರಿಗೆ ಶಾಲೆಯಲ್ಲಿ ದಕ್ಕಿದ್ದಲ್ಲ. ತಂದೆ ಗುರುಸಿದ್ದಯ್ಯ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ಬಾಳು ಸವೆಸಿದವರು. ಮಗಳು ಐಟಿಐ ಮುಗಿಸಿ ಅದೇ ಪ್ರದೇಶದ ಇನ್ನೊಂದು ಕಾರ್ಖಾನೆಯಲ್ಲಿ ಎಲೆಕ್ಟ್ರಾನಿಕ್ ಹಲಗೆಗಳಿಗೆ ಬೆಸುಗೆ ಹಾಕುವ ಸಾಲಿನಲ್ಲಿ ಕುಳಿತರು. ಭೂತಗನ್ನಡಿಯ ಕೆಳಗೆ ಸಾಸಿವೆ ಕಾಳಿನಷ್ಟು ಭಾಗಗಳನ್ನು ಕೂರಿಸುತ್ತ ಯೌವನ ಕಳೆಯಿತು. ಕಾರ್ಖಾನೆ ಆ ಕೆಲಸವನ್ನು ಬೇರೆ ಊರಿಗೆ ಒಯ್ದಾಗ ಸಾಲಿಗೆ ಸಾಲೇ ಮನೆಗೆ ಹೋಯಿತು. ಪತಿ ಸಿದ್ದೇಶ್ ಪಾಳಿಯ ನೌಕರರನ್ನು ಕರೆದೊಯ್ಯುವ ಬಸ್ಸಿನ ಚಾಲಕರು. ಒಬ್ಬರ ದುಡಿಮೆಯಲ್ಲಿ ಸಂಸಾರ ತೂಗದು. ಆಗ ದೇವರಾಜ ಮೊಹಲ್ಲಾದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಶಾಮಣ್ಣ ಎಂಬವರು ಕರೆದು ಕೆಲಸ ಕೊಟ್ಟರು.

“ಶಾಮಣ್ಣೋರು ಕಲಿಸಿದ್ರು, ಸುಳ್ಳು ಹೇಳ್ಬಾರ್ದು,” ಎನ್ನುತ್ತಾರೆ ಚಾಮುಂಡೇಶ್ವರಿ. “ಆದ್ರೆ ಗಿರಾಕಿಗಳು ನನ್ನ ಮುಖ ನೋಡಿ ‘ಹುಡುಗ ಇಲ್ವೇನಮ್ಮಾ?’ ಅನ್ನೋರು. ನಾನೇ ಬಿಚ್ತೀನಿ ಅಂದ್ರೆ ಪೆಟ್ಟಿಗೆ ಎತ್ಕೊಂಡು ಹೊರಟೇ ಹೋಗೋರು. ಶಾಮಣ್ಣೋರು ಒಂದಿನ ಅಂದ್ರು, ‘ಇವ್ರು ಅಂಗಡೀಲಿ ನಿನ್ನ ನಂಬಲ್ಲ ಕಣಮ್ಮ, ಇವ್ರ ಮನೇಲಿರೋ ಹೆಂಗಸ್ರು ನಂಬ್ತಾರೆ, ನೀನು ಮನೆಗೇ ಹೋಗು’ ಅಂತ. ಆ ಮಾತು ನನಗೆ ಅನ್ನ ಹಾಕ್ತು.”

ಶಾಲೆಗಳು ಮುಚ್ಚಿ ಪಾಠವೆಲ್ಲ ಮನೆಗೆ ಬಂದ ವರ್ಷಗಳಲ್ಲಿ ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರುಗಳು ಒಂದೊಂದಾಗಿ ಕೆಳಗಿಳಿದವು. ಅವುಗಳ ಹಿಂದೆ ಚಾಮುಂಡೇಶ್ವರಿಯ ಸ್ಕೂಟರೂ ಬೀದಿಗಿಳಿಯಿತು. ಈಗ ದಿನಕ್ಕೆ ಮೂರೋ ನಾಲ್ಕೋ ಮನೆ, ಭಾನುವಾರ ಇನ್ನೂ ಹೆಚ್ಚು. ಮಳೆಗಾಲದಲ್ಲಿ ತಮ್ಮ ರೈನ್‌ಕೋಟನ್ನು ಚೀಲಕ್ಕೇ ಹೊದಿಸಿ ಹೋಗುತ್ತಾರೆ. ಚೀಲ ಒಣಗಿದ್ದರೆ ಸಾಕು, ತಾವು ನೆಂದರೂ ಚಿಂತೆಯಿಲ್ಲ. ಹೊಸ ಕಂಪ್ಯೂಟರು ಕೊಳ್ಳಲು ಹೇಳಿಬಿಟ್ಟರೆ ಅಂಗಡಿಯವರಿಂದ ಲಾಭವುಂಟೆಂದು ಬಲ್ಲರು. ಆದರೂ ದುಡಿಯುವ ಯಂತ್ರವನ್ನು ಸತ್ತಿತೆಂದು ಹೇಳಲು ಅವರ ನಾಲಿಗೆ ಏಳುವುದಿಲ್ಲ. ತರಿಸಿದ ಪ್ರತಿ ಹಲಗೆಯನ್ನೂ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಇಡೀ ರಾತ್ರಿ ಓಡಿಸಿ, ದೋಷವಿಲ್ಲವೆಂದು ಖಾತರಿಯಾದ ಮೇಲೆಯೇ ಗಿರಾಕಿಯ ಮನೆಗೆ ಒಯ್ಯುತ್ತಾರೆ. ಚೂಡಾಮಣಿಯವರ ಹಲಗೆಯೂ ಹಾಗೆ ಪರೀಕ್ಷೆ ಗೆದ್ದು ಬಂದದ್ದೇ.

ಮುಚ್ಚಳ ತೆರೆಯುತ್ತದೆ. ಒಳಗೆ ಎರಡು ಸೀಳುಗಂಡಿಗಳು; ಒಂದರಲ್ಲಿ ಹಳೆಯ ಮೆಮೊರಿ, ಇನ್ನೊಂದು ಖಾಲಿ. ಚಾಮುಂಡೇಶ್ವರಿ ಹೊಸ ಹಲಗೆಯ ಎರಡು ತುದಿ ಹಿಡಿದು, ಓರೆಯಾಗಿ ತೂರಿಸಿ, ಮೆಲ್ಲನೆ ಕೆಳಕ್ಕೆ ಒತ್ತುತ್ತಾರೆ. ಎರಡೂ ಬದಿಯ ಕೊಂಡಿಗಳು ಟಿಕ್ಕೆಂದು ಹಿಡಿದುಕೊಳ್ಳುತ್ತವೆ. ತಂತಿ ಜೋಡಿಸಿ ಗುಂಡಿ ಅದುಮುತ್ತಾರೆ.

ಪರದೆ ಕಪ್ಪಾಗಿಯೇ ಇದೆ. ಪೆಟ್ಟಿಗೆಯೊಳಗಿಂದ ಕೀರಲು ದನಿ.

“ಎಂಗೆ ಕೂಗ್ತು ಅಮ್ಮಾವ್ರೇ? ಕೇಳಿಸ್ಕೊಂಡ್ರಾ?”

ಚೂಡಾಮಣಿಯವರ ಕಿವಿ ತಪ್ಪುವುದುಂಟೆ? “ಒಂದು ಗುರು, ಎರಡು ಲಘು. ಮತ್ತೆ ಅದೇ,” ಎಂದು ಅವರು ತೊಡೆಯ ಮೇಲೆ ತಟ್ಟಿ ತೋರಿಸುತ್ತಾರೆ.

“ಮೆಮೊರಿ ಸಿಕ್ತಿಲ್ಲ ಅಂತ ಅಳ್ತಿದೆ,” ಎಂದು ಚಾಮುಂಡೇಶ್ವರಿ ತಂತಿ ಕಳಚುತ್ತಾರೆ. ಹೊಸ ಹಲಗೆಯನ್ನು ಹಳೆಯದರ ಜಾಗಕ್ಕೆ ಹಾಕಿ ನೋಡುತ್ತಾರೆ. ಅದೇ ಅಳು. ಹೊಸದನ್ನು ತೆಗೆದಿಟ್ಟು ಹಳೆಯದೊಂದನ್ನೇ ಕೂರಿಸುತ್ತಾರೆ. ಈಗಲೂ ಅಳು. ಪೂಜೆಗೆ ಕೂರುವವರೆಗೆ ಕುಂಟುತ್ತಲಾದರೂ ನಡೆಯುತ್ತಿದ್ದ ಯಂತ್ರ ಈಗ ಹಳೆಯ ಮೆಮೊರಿಯಲ್ಲೂ ಏಳದಾಗಿದೆ. ಎಷ್ಟು ಮನೆಗಳಲ್ಲಿ ಎಷ್ಟು ಪೆಟ್ಟಿಗೆ ಬಿಚ್ಚಿದ ಕೈಗಳು! ಹೀಗಾದದ್ದು ಇದೇ ಮೊದಲು.

ಗೋಡೆಯ ಗಡಿಯಾರ ಏಳನ್ನು ದಾಟಿದೆ. ಫೋನಿನಲ್ಲಿ ರಂಜನಿಯವರ ಸಂದೇಶ ಬಂದಿರುವುದನ್ನು ಮಾಧವ ಓದಿ ಹೇಳುತ್ತಾರೆ. ಡ್ಯೂಟಿ ಮುಗಿಸಿ ಮನೆಗೆ ಬಂದರಂತೆ, ಸ್ನಾನಕ್ಕೆ ಹೋಗುತ್ತಿದ್ದಾರಂತೆ.

“ನನ್ನ ಕೈಯಾರೆ ನಾನೇ ಕೆಡಿಸಿದೆ,” ಎಂದು ಚೂಡಾಮಣಿ ಕುರ್ಚಿಯಲ್ಲಿ ಕುಸಿಯುತ್ತಾರೆ. “ನವಮಿ ದಿನ ಮನಸ್ಸಿಟ್ಟು ಕುಂಕುಮ ಹಾಕಿದೆ. ಗಾಳಿಯ ಕಿಂಡಿಯಿಂದ ಒಳಗೆ ಬಿದ್ದಿರಬೇಕು. ತಪ್ಪು ನಮ್ಮದೇ ಕಣಮ್ಮಾ, ನೀನು ಯಾಕೆ ಮುಖ ಸಣ್ಣ ಮಾಡ್ಕೋತೀಯ?”

“ಹೋಗಲಿ ಬಿಡೇ, ಹಬ್ಬ ಕಳೀಲಿ, ಹೊಸ ಕಂಪ್ಯೂಟರೇ ತರೋಣ,” ಎನ್ನುತ್ತಾರೆ ಮಾಧವ.

ಚಾಮುಂಡೇಶ್ವರಿ ಟಾರ್ಚು ಹಾಕಿ ಗಂಡಿಯೊಳಗೆ ಇಣುಕುತ್ತಾರೆ. ಸಾಲುಗಟ್ಟಿದ ತಂತಿಯ ಹಲ್ಲುಗಳ ಸಂದಿನಲ್ಲಿ ಮಸುಕಾದ ಕೆಂಪು. ಚೂಡಾಮಣಿಯವರ ಮಾತು ನಿಜವೇ ಹಾಗಾದರೆ? ಹೊಸ ಹಲಗೆಯನ್ನು ಬೆಳಕಿಗೆ ಓರೆಮಾಡಿ ನೋಡುತ್ತಾರೆ. ಅದರ ಅಂಚಿನ ಹೊಂಬಣ್ಣದ ಮೇಲೂ ಜಿಡ್ಡಿನ ತೆಳುಪೊರೆ, ಪೊರೆಯಲ್ಲಿ ಕೆಂಪಿನ ಸುಳಿವು. ಅದನ್ನು ಮೂಗಿನ ಬಳಿ ಒಯ್ಯುತ್ತಾರೆ. ಹರಳೆಣ್ಣೆ.

ಆ ಮನೆಯ ಕುಂಕುಮ ಒಣ ಪುಡಿ. ಈಗ ತಾನೆ ತಮ್ಮ ಕೈಯಿಂದಲೇ ಒರೆಸಿದ್ದು. ಹರಳೆಣ್ಣೆಯಲ್ಲಿ ಕಲೆಸಿದ ಕುಂಕುಮ ಲೇತ್ ಕೆಲಸದವರ ಮನೆಯ ಪದ್ಧತಿ. ಒಣ ಕುಂಕುಮ ಜಿಡ್ಡಿನ ಕಬ್ಬಿಣದ ಮೇಲೆ ನಿಲ್ಲುವುದಿಲ್ಲವೆಂದು ಗುರುಸಿದ್ದಯ್ಯನವರು ಎಣ್ಣೆಯಲ್ಲಿ ಕಲೆಸಿ ಯಂತ್ರಕ್ಕೆ ಇಡುತ್ತಿದ್ದರು. ಅವರು ತೀರಿಕೊಂಡ ಮೇಲೆಯೂ ಆ ಬಟ್ಟಲು ಮನೆಯಲ್ಲಿ ಉಳಿದಿದೆ, ಪದ್ಧತಿಯೂ ಉಳಿದಿದೆ.

ಬೇರೆ ಯಾರೂ ಅದನ್ನು ಮೂಸಿ ನೋಡಿಲ್ಲ, ನೋಡಿದರೂ ತಿಳಿಯುವಂತಿಲ್ಲ. ತಪ್ಪನ್ನು ಮನೆಯೊಡತಿ ತಾನಾಗಿ ಹೊತ್ತುಕೊಂಡು ಕುಳಿತಿದ್ದಾರೆ. ‘ಹೂಂ ಅಮ್ಮಾವ್ರೇ’ ಎಂಬ ಒಂದು ಮಾತಿನಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ಬಾಯಿಮಾತನ್ನೇ ನಂಬಿ ಬದುಕುವ ಕಸುಬಿನಲ್ಲಿ ‘ಚಾಮುಂಡಮ್ಮ ಬಂದು ಕೆಡಿಸಿ ಹೋದಳು’ ಎಂಬ ಒಂದು ಸುದ್ದಿ ಬೀದಿಗೆ ಬಿದ್ದರೆ ಎಷ್ಟು ಗೇಟುಗಳು ಮುಚ್ಚುವವು ಎಂಬುದೂ ಅವರಿಗೆ ತಿಳಿಯದ್ದಲ್ಲ. ಅವರು ಹಲಗೆಯನ್ನು ಮೇಜಿನ ಮೇಲಿಟ್ಟು ಎದ್ದು ನಿಲ್ಲುತ್ತಾರೆ.

“ಅಮ್ಮಾವ್ರೇ, ಇದು ನಿಮ್ಮ ಕುಂಕುಮ ಅಲ್ಲ. ನಮ್ಮನೇದು. ನಮ್ಮ ಮೆಮೊರಿಗೇ ಮೆತ್ಕೊಂಡು ಬಂದಿದೆ. ನಾನು ನೋಡ್ದೆ ಹಾಕ್ಬುಟ್ಟೆ. ಆ ಗಂಡೀಗೂ ಈ ಗಂಡೀಗೂ ಹಾಕಿ ಎರಡಕ್ಕೂ ಜಿಡ್ಡು ಹತ್ತಿಸಿದ್ದೂ ನಾನೇ.”

ಚಾಮುಂಡೇಶ್ವರಿ ಅಲ್ಲಿಯೇ ಮನೆಗೆ ಫೋನು ಮಾಡಿ ಮೇಜಿನ ಮೇಲೆ ಇಡುತ್ತಾರೆ. ಆ ಕಡೆ ತಾಯಿ ಸುಂದರಮ್ಮ. ಅವರ ದನಿ ಫೋನಿಲ್ಲದಿದ್ದರೂ ಹೆಬ್ಬಾಳದಿಂದ ಕೇಳಿಸೀತು.

“ಅವ್ವಾ, ಬ್ಯಾಗಿಗೆ ಪೂಜೆ ಮಾಡ್ದಾಗ ಒಳಗಿನ ಡಬ್ಬಿ ತೆಗೆದಿದ್ದಾ?”

“ತೆಗೀದೆ ಮತ್ತೆ? ಮುಚ್ಚಿದ ಡಬ್ಬೀಗೆ ಪೂಜೆ ಮಾಡುದ್ರೆ ಒಳಗಿರೋದಕ್ಕೆ ಎಂಗೆ ತಾಕ್ತದೆ?”

“ಕುಂಕುಮ ಎಲ್ಲಿ ಇಕ್ಕಿದೆ?”

“ಅದ್ಕೆ ಬಾಯ್ತುಂಬ ಚಿನ್ನದ ಹಲ್ಲಿತ್ತಲ್ಲ ಕಣೇ, ಅಲ್ಲೇ ಸಾಲಾಗಿ ಇಕ್ಕಿದೆ. ಲಕ್ಷ್ಮಿ ಅಲ್ವಾ? ಬೆಳಿಗ್ಗೆ ಎದ್ದು ಸೆರಗಲ್ಲಿ ಒರೆಸಿ ಅಂಗೇ ಮಡಗಿವ್ನಿ. ಯಾಕೆ?”

“ಎಣ್ಣೆ ಕಲೆಸಿದ್ದಾ?”

“ಕಲೆಸ್ದೆ ನಿಲ್ತದಾ? ನಿಮ್ಮಪ್ಪ ಲೇತ್ ಮಿಷನ್ನಿಗೆ ಕೆಲಸ ಬುಡೋಗಂಟ ಅಂಗೇ ಇಕ್ಕಿದ್ದು. ಒಂದಿನಾನಾದ್ರೂ ನಿಂತಿತ್ತಾ ಕೇಳು!”

ಮಾಧವ ಅವರು ಬಾಯಿಗೆ ಟವೆಲ್ಲು ಅಡ್ಡ ಹಿಡಿಯುತ್ತಾರೆ. ಚಾಮುಂಡೇಶ್ವರಿ ಚೀಲದ ತಳವನ್ನು ತಡಕುತ್ತಲೇ ಕೇಳುತ್ತಾರೆ.

“ಅವ್ವಾ, ಇದರಲ್ಲಿದ್ದ ಸ್ಪಿರಿಟ್ ಸೀಸೆ ಎಲ್ಲಿ?”

“ಅದಾ? ಸಾರಾಯಿ ಗಮಲು ಒಡೀತಿತ್ತು. ದೇವರ ಮುಂದೆ ಅದ್ಯಾಕೆ ಅಂತ ತೆಗೆದು ಬಚ್ಚಲು ಕಿಟಕೀಲಿ ಮಡಗಿವ್ನಿ. ಏನಾಯ್ತೇ? ನಾನೇನಾರ ಕೆಡಿಸ್ಬುಟ್ನಾ?”

ಆ ಕೊನೆಯ ಪ್ರಶ್ನೆಯಲ್ಲಿ ದನಿ ಇಳಿದುಹೋಗಿದೆ. ಮಗಳು ಕಣ್ಣು ಮುಚ್ಚಿ ತೆರೆಯುತ್ತಾರೆ. “ಏನೂ ಆಗಿಲ್ಲ ಬುಡವ್ವ. ಸರಿ ಮಾಡ್ತಾ ಇವ್ನಿ. ಕಾಫಿ ಕುಡಿ.”

ಜಿಡ್ಡು ತೆಗೆಯಲು ಸ್ಪಿರಿಟ್ಟೇ ಬೇಕು, ನೀರು ತಾಕಿಸುವಂತಿಲ್ಲ. ವಿಜಯದಶಮಿಯ ಬೆಳಗ್ಗೆ ದೇವರಾಜ ಮೊಹಲ್ಲಾದ ಅಂಗಡಿಗಳೆಲ್ಲ ಬಾಗಿಲು ಹಾಕಿವೆ. ಹೆಬ್ಬಾಳಕ್ಕೆ ಹೋಗಿ ಬರಲು ಹೊತ್ತಿಲ್ಲ. ಚಾಮುಂಡೇಶ್ವರಿ ಹೇಳಿದ್ದನ್ನು ಕೇಳಿ ಚೂಡಾಮಣಿ ತಲೆ ಎತ್ತುತ್ತಾರೆ.

“ಏನೂಂದ್ರೆ, ನೀವು ಇನ್ಸುಲಿನ್ ಚುಚ್ಚಿಕೊಳ್ಳೋಕೆ ಮುಂಚೆ ಒರೆಸ್ಕೋತೀರಲ್ಲ, ಆ ಪೊಟ್ಟಣ?”

ಮಾಧವ ಅವರು ವಯಸ್ಸನ್ನು ಮರೆತವರ ವೇಗದಲ್ಲಿ ಒಳಗೆ ಹೋಗಿ ಔಷಧದ ಡಬ್ಬಿಯನ್ನೇ ಎತ್ತಿ ತರುತ್ತಾರೆ. ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದನ್ನೂ ಬೇರೆ ಬೇರೆಯಾಗಿ ಮುಚ್ಚಿಟ್ಟ ಪುಟ್ಟ ಒರೆಸುಬಟ್ಟೆಗಳು. ಮೂಸಿ ನೋಡಿದ ಚಾಮುಂಡೇಶ್ವರಿಯ ಮುಖ ಅರಳುತ್ತದೆ.

“ಇದೇ ಸಾರ್, ಇದೇ. ನಿಮ್ಮ ಸಕ್ಕರೆ ಕಾಯಿಲೆ ಇವತ್ತು ನನ್ನ ಮಾನ ಉಳಿಸ್ತು.”

“ನಲವತ್ತು ವರ್ಷ ಮೈಸೂರ್ ಪಾಕು ತಿಂದಿದ್ದು ಇಷ್ಟಕ್ಕಾದ್ರೂ ಬಂತಲ್ಲ!”

ಮೊದಲು ಹಲಗೆಗಳ ಅಂಚನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಿದ ಮೇಲೆ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಕುಂಚದಿಂದ ಕೊಡವುತ್ತಾರೆ. ಗಂಡಿಗಳದ್ದು ಇನ್ನೂ ನಾಜೂಕಿನ ಕೆಲಸ. ಒಳಗಿನ ಹಲ್ಲೊಂದು ಬಾಗಿದರೆ ಯಂತ್ರಕ್ಕೆ ಅಲ್ಲಿಗೇ ಕೊನೆ. ಹಳೆಯ ಲಗ್ನಪತ್ರಿಕೆಯಿಂದ ಒಂದು ಪಟ್ಟಿ ಕತ್ತರಿಸಿ, ಒರೆಸುಬಟ್ಟೆಯ ಒಂದು ಪದರವನ್ನು ಅದಕ್ಕೆ ಸುತ್ತಿ, ಹಲಗೆ ಕೂರುವ ಓರೆಯಲ್ಲೇ ಒಳಕ್ಕೆ ತೂರಿಸಿ ತೆಗೆಯುತ್ತಾರೆ. ಬಟ್ಟೆ ಕೆಂಪಾಗಿ ಬರುತ್ತದೆ. ಹೊಸದು ಸುತ್ತುತ್ತಾರೆ. ಚೂಡಾಮಣಿ ಒಂದೊಂದೇ ಪೊಟ್ಟಣ ಹರಿದು ಕೊಡುತ್ತಾರೆ. ಮಾಧವ ಟಾರ್ಚು ಹಿಡಿಯುತ್ತಾರೆ.

“ಸಾರ್, ಬೆಳಕು ಗಂಡೀಗೆ. ನನ್ನ ಮುಖಕ್ಕಲ್ಲ.”

“ಅಂಬಾರಿಗೆ ಪಂಜು ಹಿಡಿಯೋರಿಗೂ ಅಭ್ಯಾಸ ಬೇಕು ಕಣ್ರೀ.”

ಬಟ್ಟೆ ಕೆಂಪಿನಿಂದ ನಸುಗೆಂಪಿಗೆ ತಿರುಗಿ, ಕೊನೆಗೆ ಬಿಳಿಯಾಗಿಯೇ ಹಿಂದಿರುಗುತ್ತದೆ. ಸ್ಪಿರಿಟ್ಟು ಪೂರ್ತಿ ಆರಬೇಕು. ಮಾಧವ ಬೀಸಣಿಗೆ ತರಲೇ ಎಂದರೆ ಬೇಡವೆನ್ನುತ್ತಾರೆ, ಧೂಳು ಬೀಳುತ್ತದೆ. ಈ ಕಾಯುವ ಹೊತ್ತೇ ಎಲ್ಲಕ್ಕಿಂತ ಕಠಿಣ. ಚೂಡಾಮಣಿ ಎದ್ದು ವೀಣೆಯ ಶ್ರುತಿ ಸರಿಮಾಡಲು ಕೂರುತ್ತಾರೆ. ಯಂತ್ರ ಏಳುವುದೋ ಇಲ್ಲವೋ ತಿಳಿಯದ ಹೊತ್ತಿನಲ್ಲಿ ಆ ತಾಯಿ ತಂತಿ ಬಿಗಿಯುತ್ತಿರುವುದನ್ನು ಕಂಡು ಚಾಮುಂಡೇಶ್ವರಿ ಮತ್ತೊಮ್ಮೆ ಕಿಟಕಿಯ ಸರಳನ್ನು ಮುಟ್ಟಿ ಬರುತ್ತಾರೆ. ಹೊಸ ಹಲಗೆ, ಹಳೆಯ ಹಲಗೆ, ಎರಡನ್ನೂ ಕೂರಿಸುತ್ತಾರೆ. ಗುಂಡಿ ಒತ್ತುತ್ತಾರೆ.

ಅಳು ಇಲ್ಲ. ಆದರೆ ಪರದೆಯೂ ಬೆಳಗಿಲ್ಲ.

“ಹೋಯ್ತೇನಮ್ಮಾ?” ಎಂದು ಚೂಡಾಮಣಿ ಪಿಸುಗುಡುತ್ತಾರೆ.

“ಸುಮ್ನಿರಿ ಅಮ್ಮಾವ್ರೇ. ಮನೆಗೆ ಹೊಸಬರು ಬಂದವ್ರಲ್ಲ, ಗುರುತು ಹಿಡೀತಾ ಇದೆ. ಮೊದಲ ಸಲ ಹೊತ್ತು ಹಿಡೀತದೆ.”

ಮಾತು ಧೈರ್ಯದ್ದೇ. ಕೈಗಳು ಮಾತ್ರ ಸೆರಗಿನ ತುದಿಯನ್ನು ಹಿಂಡುತ್ತಿವೆ. ಫ್ಯಾನು ಗುಂಯ್‌ಗುಟ್ಟುತ್ತದೆ. ಆಮೇಲೆ ಪರದೆಯ ನಡುವೆ ಒಂದು ಬಿಳಿ ಚುಕ್ಕಿ, ಚುಕ್ಕಿಯ ಸುತ್ತ ಇನ್ನಷ್ಟು ಚುಕ್ಕಿಗಳು. ತಟ್ಟನೆ ನೀಲಿ ಬೆಳಕು ಮೂವರ ಮುಖದ ಮೇಲೂ ಬೀಳುತ್ತದೆ. ಚಾಮುಂಡೇಶ್ವರಿ ಒಂದು ಕಿಟಕಿ ತೆರೆದು ಮೆಮೊರಿಯ ಅಂಕಿ ತೋರಿಸುತ್ತಾರೆ. ಹಳೆಯದೂ ಹೊಸದೂ ಕೂಡಿ ಮೂರು ಪಟ್ಟಾಗಿದೆ.

“ಕಟ್ಟೆ ಉದ್ದ ಆಯ್ತಾ?” ಎನ್ನುತ್ತಾರೆ ಮಾಧವ.

“ಇಬ್ರು ಸೊಸೆಯಂದ್ರು ನಿಂತು ಅಡುಗೆ ಮಾಡ್ಬಹುದು ಸಾರ್.”

ಎಂಟು ಗಂಟೆಗೆ ರಾಯಚೂರು ಪರದೆಯ ಮೇಲೆ ಮೂಡುತ್ತದೆ. ಒದ್ದೆ ಕೂದಲಿಗೆ ಮಲ್ಲಿಗೆ ಮುಡಿದ ರಂಜನಿ ವೀಣೆಯ ಮುಂದೆ ಕುಳಿತಿದ್ದಾರೆ; ರಾತ್ರಿಯೆಲ್ಲ ಎಚ್ಚರವಿದ್ದ ಕಣ್ಣುಗಳು ಕೆಂಪಾಗಿವೆ. ಎರಡು ಕ್ಯಾಮರಾಗಳೂ ಹೊತ್ತಿಕೊಳ್ಳುತ್ತವೆ. ಚೂಡಾಮಣಿ ಗಣಪತಿಗೆ ವಂದಿಸಿ, ಎಡಗೈ ಹೇಗಿರಬೇಕು, ಬಲಗೈ ಎಲ್ಲಿ ಊರಬೇಕು ಎಂದು ತೋರಿಸುತ್ತಾರೆ. “ಈಗ ನೀನು,” ಎನ್ನುತ್ತಾರೆ.

ಕಳೆದ ವರ್ಷ ಎಲ್ಲವೂ ನಿಂತದ್ದು ಇಲ್ಲಿಯೇ. ಬಾಗಿಲ ಬಳಿ ಕಾಫಿಯ ಲೋಟ ಹಿಡಿದು ನಿಂತ ಚಾಮುಂಡೇಶ್ವರಿಗೆ ಸಂಗೀತ ತಿಳಿಯದು. ಅವರ ಕಣ್ಣೆಲ್ಲ ರಂಜನಿಯವರ ಬೆರಳ ಮೇಲಿದೆ. ಬೆರಳು ತಂತಿಗೆ ತಾಕುವುದೂ ನಾದ ಕೇಳುವುದೂ ಒಂದೇ ಗಳಿಗೆಯಲ್ಲಿ ಆಗಬೇಕು. ಬೆರಳು ತಾಕುತ್ತದೆ. ಕೊಂಚ ನಡುಗುವ, ಕೊಂಚ ಒರಟಾದ ಷಡ್ಜವೊಂದು ರಾಯಚೂರಿನಿಂದ ದಟ್ಟಗಳ್ಳಿಯ ಆ ಕೋಣೆಗೆ ಬಂದು ತುಂಬಿಕೊಳ್ಳುತ್ತದೆ. ಪರದೆ ನಿಲ್ಲುವುದಿಲ್ಲ. ಮತ್ತೊಮ್ಮೆ ಮೀಟುತ್ತಾರೆ. ಆಗಲೂ ನಿಲ್ಲುವುದಿಲ್ಲ. ರಂಜನಿ ಅತ್ತುಬಿಡುತ್ತಾರೆ. “ಅಳಬೇಡವೇ, ರಿಷಭಕ್ಕೆ ಬಾ,” ಎಂದು ಗುರುಗಳು ಗದರುತ್ತಾರೆ.

ಪಾಠ ಒಂದು ಹದಕ್ಕೆ ಬಂದ ಮೇಲೆ ಚೂಡಾಮಣಿ ಹಿಂದಕ್ಕೆ ತಿರುಗಿ ಚಾಮುಂಡೇಶ್ವರಿಯನ್ನು ಕರೆಯುತ್ತಾರೆ. ಬೇಡವೆಂದರೂ ಬಿಡದೆ ಕ್ಯಾಮರಾದ ಎದುರಿಗೆ ಎಳೆದು ನಿಲ್ಲಿಸುತ್ತಾರೆ.

“ರಂಜನಿ, ಇವರು ಚಾಮುಂಡೇಶ್ವರಿ ಅಂತ. ಇವತ್ತಿನ ಪಾಠ ಇವರ ಕೈಯಿಂದಾದದ್ದು. ಮೊದಲು ಇವರಿಗೆ ನಮಸ್ಕಾರ ಮಾಡು.”

ಅಷ್ಟು ದೂರದಲ್ಲಿ ಕುಳಿತ ಆ ದಾದಿ ವೀಣೆಯ ಮೇಲಿನಿಂದ ಬಾಗಿ ಕೈಮುಗಿಯುತ್ತಾರೆ. ಕಾಫಿ ಲೋಟವನ್ನು ಎಲ್ಲಿಡಬೇಕೆಂದು ತೋಚದೆ, ಅದನ್ನು ಹಿಡಿದ ಕೈಯಿಂದಲೇ ಚಾಮುಂಡೇಶ್ವರಿ ಮರುವಂದನೆ ಮಾಡುತ್ತಾರೆ. “ಚೆನ್ನಾಗಿ ಕಲೀರಿ ತಾಯಿ,” ಎಂದಷ್ಟೇ ಹೇಳಿ ಹೊರಗೆ ಬಂದು ಜಗಲಿಯಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಾರೆ.

ಜಗಲಿಯಲ್ಲಿ ಮಾಧವ ಅವರು ಗೆಳೆಯ ಮಹದೇವಯ್ಯನವರಿಗೆ ಫೋನು ಮಾಡಿದ್ದಾರೆ. ಮಹದೇವಯ್ಯನವರ ಕಂಪ್ಯೂಟರೂ ಬಹಳ ದಿನಗಳಿಂದ ಕುಂಟುತ್ತಿದೆ. “ಕೈ ಬಹಳ ಒಳ್ಳೇದು ಕಣಯ್ಯಾ. ಒಂದು ಗಂಟೇಲಿ ನಮ್ಮ ಕಂಪ್ಯೂಟರಿಗೆ ಪ್ರಾಯ ಬಂತು. ಕಣ್ಣು ಮುಚ್ಚಿ ಕರೆಸು,” ಎನ್ನುತ್ತಿದ್ದಾರೆ. ಚಾಮುಂಡೇಶ್ವರಿ ಸ್ಕೂಟರಿಗೆ ಚೀಲ ಸಿಕ್ಕಿಸುತ್ತ ತಿರುಗಿ ನೋಡುತ್ತಾರೆ.

“ಸಾರ್, ಕುಂಕುಮದ ವಿಷಯಾನೂ ಹೇಳಿ.”

ಮಾಧವ ಫೋನಿಗೆ ಕೈ ಮುಚ್ಚುತ್ತಾರೆ. “ಅದ್ಯಾಕ್ರೀ? ಒಳ್ಳೇದು ಹೇಳಿದ್ರೆ ಸಾಲದೇ?”

“ಕೆಟ್ಟಿದ್ದನ್ನ ನಾನೇ ಹೇಳ್ತೀನಿ ಸಾರ್, ಯಾವ ಮನೇಲೇ ಆಗ್ಲಿ. ಸರಿಹೋಗಿದ್ದನ್ನ ನಾನು ಹೇಳ್ಕೊಳ್ಳೋಲ್ಲ, ಅದನ್ನ ನೀವು ಹೇಳ್ಬೇಕು. ಅವ್ರು ಎರಡನ್ನೂ ಕೇಳಿಸ್ಕೊಂಡು, ಆಮೇಲೂ ಬಾ ಅಂದ್ರೆ ಹೋಗ್ತೀನಿ.”

ಮಾಧವ ಹೇಳುತ್ತಾರೆ. ಲೇತ್ ಯಂತ್ರ, ಹರಳೆಣ್ಣೆ, ಚಿನ್ನದ ಹಲ್ಲು, ಸಾರಾಯಿಯ ಸೀಸೆ, ಯಾವುದನ್ನೂ ಬಿಡುವುದಿಲ್ಲ. ಫೋನಿನ ಆ ಕಡೆಯ ನಗು ಗೇಟಿನವರೆಗೂ ಕೇಳುತ್ತದೆ.

“ಇವತ್ತೇ ಬರೋಕಾಗುತ್ತಾ ಅಂತ ಕೇಳ್ತಿದಾನೆ.”

ಚಾಮುಂಡೇಶ್ವರಿ ಸ್ಕೂಟರಿನ ಸ್ಟ್ಯಾಂಡು ತೆಗೆಯುತ್ತಾರೆ. “ನಾಳೆ ಬೆಳಿಗ್ಗೆ ಬತ್ತೀನಿ ಅನ್ನಿ ಸಾರ್. ಇವತ್ತು ನಮ್ಮವ್ವ ಏನೋ ಕೆಡಿಸ್ಬುಟ್ಟೆ ಅಂತ ಮಂಕಾಗಿ ಕೂತಿರ್ತದೆ. ಅದನ್ನ ಮೊದ್ಲು ಜಂಬೂಸವಾರಿಗೆ ಕರ್ಕೊಂಡ್ಹೋಗಿ, ಮುಂದಿನ ಸಾಲಲ್ಲಿ ಕೂರಿಸ್ಬೇಕು.”